ಆತುರದ ಶಾವಿಗೆ, ಬರಿದಾಗದ ಹಂಡೆ

ಕಚೇರಿಯ ಕೆಲಸಕ್ಕೆಂದು ಜಪಾನಿನ ಫುಕುವೊಕಾಗೆ ಹೋಗಿದ್ದಾಗ ನಡುವೆ ಬಿಡುವಾಗಿ ಸಿಕ್ಕ ಒಂದು ಶನಿವಾರವನ್ನು ನಾನು ಪೂರ್ತಿಯಾಗಿ ತೊಂಕೊತ್ಸು ರಾಮೆನ್ನಿಗೆ, ಅಂದರೆ ಹಂದಿಯ ಎಲುಬನ್ನು ಕುದಿಸಿ ತೆಗೆದ ಬಿಳಿಯ ಸಾರಿನಲ್ಲಿ ಬಡಿಸುವ ಶಾವಿಗೆಗೆ, ಮೀಸಲಿಟ್ಟೆ. ಕೊಡಗಿನಲ್ಲಿ ಬೆಳೆದವನಾದ್ದರಿಂದ ಹಂದಿ ಮಾಂಸ ನನಗೆ ಹೊಸದೇನಲ್ಲ. ಆದರೆ ನಮ್ಮ ಅಡುಗೆಮನೆಯಲ್ಲಿ ಮಾಂಸಕ್ಕೂ ಕೊಬ್ಬಿಗೂ ಸಲ್ಲುವ ಮರ್ಯಾದೆ ಎಲುಬಿಗೆ ಸಲ್ಲುವುದಿಲ್ಲ; ಕಾಚಂಪುಳಿ ಬಿದ್ದು ಕಪ್ಪಾದ ಪಂದಿ ಕರಿಯಲ್ಲಿ ಅದು ಕೊನೆಗೆ ತಟ್ಟೆಯ ಅಂಚಿಗೆ ಸರಿದುಬಿಡುತ್ತದೆ. ಫುಕುವೊಕಾ ಇರುವ ಕ್ಯೂಶು ದ್ವೀಪದಲ್ಲಿ ಎಲುಬೇ ಮುಖ್ಯ, ಮೇಲೆ ತೇಲುವ ಮಾಂಸದ ತುಂಡುಗಳು ಅಲಂಕಾರಕ್ಕೆ. ಈ ಸಾರು ಒಂದೂರಿನಿಂದ ಇನ್ನೊಂದೂರಿಗೆ ಹೇಗೆ ಬದಲಾಗುತ್ತದೆಂಬುದನ್ನು ಒಂದೇ ದಿನದಲ್ಲಿ ತಿಂದು ನೋಡಬೇಕೆನ್ನಿಸಿತ್ತು.

ಬೆಳಗಿನ ಬಟ್ಟಲು ನಾಗಹಾಮಾದಲ್ಲಿ. ಫುಕುವೊಕಾದ ಮೀನು ಮಾರುಕಟ್ಟೆ 1955ರಲ್ಲಿ ಈ ಬಡಾವಣೆಗೆ ಬಂತು. ಹರಾಜಿನ ನಡುವೆ ಓಡಿಬಂದು ತಿಂದು ಓಡಿಹೋಗುವ ಕೆಲಸಗಾರರಿಗೆ ತಕ್ಕಂತೆ ಇಲ್ಲಿನ ರಾಮೆನ್ ರೂಪುಗೊಂಡಿತು. ಶಾವಿಗೆ ಬಹಳ ತೆಳು, ಬೇಯಲು ಒಂದು ನಿಮಿಷವೂ ಬೇಡ. ನೀರು ಕಡಿಮೆ ಹಾಕಿ ಕಲಸಿದ ಹಿಟ್ಟಾದ್ದರಿಂದ ಅದು ಬಟ್ಟಲಿಗೆ ಬಿದ್ದೊಡನೆ ಸಾರನ್ನು ಹೀರಿಕೊಂಡು ಮೆತ್ತಗಾಗತೊಡಗುತ್ತದೆ. ಹಾಗಾಗಿ ಮೊದಲು ಸ್ವಲ್ಪವೇ ಬಡಿಸಿ, ಅದು ಮುಗಿದ ಮೇಲೆ ಉಳಿದ ಸಾರಿಗೆ ಇನ್ನೊಂದು ಹಿಡಿ ಶಾವಿಗೆ ಹಾಕಿಸಿಕೊಳ್ಳುವ ಕಾಯೆದಾಮಾ ಎಂಬ ಪದ್ಧತಿ ಇಲ್ಲಿಯೇ ಬೆಳೆಯಿತು. ಎಷ್ಟು ಗಟ್ಟಿ ಬೇಕೆಂದು ಅವರು ಕೇಳುತ್ತಾರೆ. ನಾನು ‘ಕತಾ’ ಎಂದೆ, ಗಟ್ಟಿ ಎಂದರ್ಥ. ನನ್ನ ಪಕ್ಕದವರು ಅದಕ್ಕಿಂತಲೂ ಗಟ್ಟಿಯಾದ ‘ಬಾರಿಕತಾ’ ಎಂದರು. ಕೋಟು ಬಿಚ್ಚಿ ಕೂರುವಷ್ಟರಲ್ಲಿ ಬಟ್ಟಲು ಎದುರಿಗಿತ್ತು. ಕೆಂಪಗಿನ ಶುಂಠಿ ಉಪ್ಪಿನಕಾಯಿ, ಎಳ್ಳು, ಈರುಳ್ಳಿ ಸೊಪ್ಪು, ತೆಳ್ಳನೆಯ ಸಾರು. ಸಾರು ನಾನು ಎಣಿಸಿದ್ದಕ್ಕಿಂತ ಹಗುರವಾಗಿತ್ತು, ಬೆಳಗಿನ ಹೊತ್ತಿಗೆ ಅದೇ ಸರಿ. ಹರಟೆಗೆ ಜಾಗವಿಲ್ಲದ ಊಟ ಇದು; ಶಾವಿಗೆ ಕಾಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ತೆಂಜಿನ್ ನಿಲ್ದಾಣದಿಂದ ನಿಶಿತೆತ್ಸು ರೈಲಿನಲ್ಲಿ ಸುಮಾರು ಅರ್ಧ ಗಂಟೆ ಪಯಣಿಸಿ ಕುರುಮೆಗೆ ಬಂದೆ. ಹೊರಗಿನವರು ಈ ಊರನ್ನು ಬಲ್ಲದ್ದು ಬಹುಶಃ 1931ರಲ್ಲಿ ಇಲ್ಲಿ ಹುಟ್ಟಿದ ಬ್ರಿಜ್‌ಸ್ಟೋನ್ ಟೈರು ಕಂಪನಿಯಿಂದ. ತೊಂಕೊತ್ಸುವಿನ ತವರು ಫುಕುವೊಕಾ ನಗರದ ಭಾಗವೇ ಆದ ಹಕಾತಾ ಎಂದು ಲೋಕವೆಲ್ಲ ನಂಬಿದ್ದರೂ ಅದು ಹುಟ್ಟಿದ್ದು ಇಲ್ಲಿ, 1937ರಲ್ಲಿ, ನಾನ್‌ಕಿನ್ ಸೆನ್ರ್ಯೊ ಎಂಬ ಗಾಡಿ ಅಂಗಡಿಯಲ್ಲಿ. ಅದನ್ನು ತೆರೆದ ಮಿಯಾಮೊತೊ ತೊಕಿಯೊ ನಾಗಸಾಕಿಯ ಶಿಮಾಬಾರಾದ ಕಡೆಯವರು. ತಮ್ಮ ಸೀಮೆಯ ಚಾಂಪೊನ್ ಎಂಬ ತಿನಿಸಿನ ಹಂದಿ ಎಲುಬಿನ ಸಾರನ್ನು ಅವರು ಶಾವಿಗೆಗೆ ಹೊಂದಿಸಿದರು. ಆ ಸಾರು ತಿಳಿಯಾಗಿತ್ತು. ಈಗಿನ ಬಿಳುಪು ಬಂದದ್ದು 1947ರಲ್ಲಿ ಆರಂಭವಾದ ಸಾನ್‌ಕ್ಯೂ ಎಂಬ ಇನ್ನೊಂದು ಗಾಡಿಯಿಂದ. ಅದರ ಯಜಮಾನ ಸುಗಿನೊ ಕತ್ಸುಮಿ ಹಂಡೆಯನ್ನು ತಾಯಿಯ ಕೈಗೊಪ್ಪಿಸಿ ಹೊರಗೆ ಹೋಗಿ ಬರುವಷ್ಟರಲ್ಲಿ ಉರಿ ಹೆಚ್ಚಾಗಿ ಸಾರು ಬೆಳ್ಳಗೆ ಕದಡಿಹೋಗಿತ್ತೆಂದೂ, ಎಸೆಯುವ ಮುನ್ನ ರುಚಿ ನೋಡಿದ್ದೇ ತಿರುವಾಯಿತೆಂದೂ ಹೇಳುತ್ತಾರೆ. ಕಥೆ ತುಸು ಚೆಂದವೇ ಆಯಿತೆನ್ನಿಸಿದರೂ ಅದರ ಹಿಂದಿನ ರಸಾಯನ ಸುಳ್ಳಲ್ಲ. ಸಾರು ಜೋರಾಗಿ ಕುದಿದು ಹೊರಳುವಾಗ ಮಜ್ಜೆಯ ಕೊಬ್ಬು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಎಲುಬಿನ ಕೊಲಾಜನ್ ಕರಗಿ ಜೆಲಟಿನ್ ಆಗಿ ಆ ಹನಿಗಳು ಮತ್ತೆ ಒಂದುಗೂಡದಂತೆ ತಡೆಯುತ್ತದೆ. ಹನಿಗಳು ಬೆಳಕನ್ನು ಚದುರಿಸುವುದರಿಂದ ಸಾರು ಬೆಳ್ಳಗೆ ಕಾಣುತ್ತದೆ. ಹಾಲು ಹಾಕಿರಬೇಕೆಂದು ಊಹಿಸುವವರಿದ್ದಾರೆ, ಅದರಲ್ಲಿ ಹಾಲಿನ ತೊಟ್ಟೂ ಇಲ್ಲ.

ನಾನು ಹೊಕ್ಕ ಅಂಗಡಿಯ ವಾಸನೆ ಬೀದಿಯ ತಿರುವಿನಲ್ಲೇ ಎದುರಾಯಿತು. ಅದನ್ನು ಪರಿಮಳವೆಂದರೆ ಸುಳ್ಳಾದೀತು. ಒಳಗೆ ಮೂರು ದೊಡ್ಡ ಕಬ್ಬಿಣದ ಹಂಡೆಗಳು ಕುದಿಯುತ್ತಿದ್ದವು. ಅಡುಗೆಯವರು ಒಂದರಲ್ಲಿ ಮರದ ಹುಟ್ಟು ಆಡಿಸಿ ಎಲುಬುಗಳನ್ನು ಒಡೆಯುತ್ತ, ಇನ್ನೊಂದರಿಂದ ಸಾರನ್ನು ಸೌಟಿನಲ್ಲಿ ಮೊಗೆದು ಮೂರನೆಯದಕ್ಕೆ ಸುರಿಯುತ್ತಿದ್ದರು. ಯೊಬಿಮೊದೊಶಿ ಎಂಬ ಈ ಕ್ರಮದಲ್ಲಿ ಹಂಡೆಯನ್ನು ಪೂರ್ತಿ ಬರಿದು ಮಾಡುವುದೇ ಇಲ್ಲ. ಮೊಸರಿಗೆ ಹಿಂದಿನ ದಿನದ ಮೊಸರನ್ನೇ ಹೆಪ್ಪು ಹಾಕುವಂತೆ ಹಳೆಯ ಸಾರಿಗೆ ಹೊಸ ಎಲುಬಿನ ಸಾರನ್ನು ಸೇರಿಸುತ್ತ ಹೋಗುತ್ತಾರೆ. ಎಷ್ಟು ಹೊತ್ತಿಗೆ, ಎಷ್ಟು ಸೇರಿಸಬೇಕೆಂಬ ಲೆಕ್ಕ ಅಡುಗೆಯವರ ಮೂಗಿನಲ್ಲಿಯೂ ನಾಲಿಗೆಯಲ್ಲಿಯೂ ಇರುತ್ತದೆ. ಕೊಂಚ ತಪ್ಪಿದರೂ ಹಂಡೆಯೇ ಕೆಟ್ಟೀತು. ಬಟ್ಟಲಿನ ಅಂಚಿಗೆ ಕಡಲಪಾಚಿಯ ಹಾಳೆಯೊಂದನ್ನು ಒರಗಿಸಿದ್ದರು. ಶಾವಿಗೆ ಹಕಾತಾದ್ದಕ್ಕಿಂತ ಒಂದಿಷ್ಟು ದಪ್ಪ. ಮೊದಲ ಗುಟುಕಿನಲ್ಲಿ ಕಂಡದ್ದು ಉಪ್ಪೂ ಅಲ್ಲ, ಕೊಬ್ಬೂ ಅಲ್ಲ. ತುಟಿಗೆ ತುಟಿ ಅಂಟುವ ಜೆಲಟಿನ್ನಿನ ಹದ, ಅದರ ಹಿಂದೆ ತಡವಾಗಿ ಬರುವ ಸಿಹಿ. ಬೀದಿಯಲ್ಲಿ ಮೂಗಿಗೆ ಬಡಿದ ವಾಸನೆ ಬಾಯಲ್ಲಿ ಎಲ್ಲಿಯೂ ಇರಲಿಲ್ಲ. ನಾಗಹಾಮಾದ ಬಟ್ಟಲಿನಲ್ಲಿ ಹೊತ್ತನ್ನು ಉಳಿಸುವ ಜಾಣತನವಿದ್ದರೆ ಇಲ್ಲಿನದರಲ್ಲಿ ಹೊತ್ತೇ ಕರಗಿತ್ತು. ನನ್ನ ಮತ ಕುರುಮೆಗೆ, ಅನುಮಾನವಿಲ್ಲದೆ.

ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು ನಿಲ್ಲುವ ಜೆಆರ್ ಕುರುಮೆ ನಿಲ್ದಾಣವು ನಿಶಿತೆತ್ಸು ನಿಲ್ದಾಣದಿಂದ ಸಾಕಷ್ಟು ದೂರ. ಹೊಟ್ಟೆ ಹಗುರಾಗಲೆಂದು ಬಸ್ಸು ಬಿಟ್ಟು ನಡೆದೆ. 2011ರಲ್ಲಿ ಕ್ಯೂಶು ಶಿಂಕಾನ್‌ಸೆನ್ ಮಾರ್ಗ ಪೂರ್ಣಗೊಂಡ ಮೇಲೆ, ನನ್ನ ಮೂರನೆಯ ಬಟ್ಟಲಿನ ಊರಾದ ಕುಮಾಮೊತೊ ಇಲ್ಲಿಂದ ತೀರ ಹತ್ತಿರ. ದಾರಿಯಲ್ಲಿ ಸಿಗುವ ತಮಾನಾಕ್ಕೆ 1952ರಲ್ಲಿ ಸಾನ್‌ಕ್ಯೂ ಅಂಗಡಿ ಬಂದು, ಅಲ್ಲಿ ತಿಂದು ಕಲಿತವರ ಮೂಲಕ ಬಿಳಿಯ ಸಾರು ಕುಮಾಮೊತೊ ಸೇರಿತು. ಅಲ್ಲಿ ಶಾವಿಗೆ ಇನ್ನೂ ದಪ್ಪವಾಯಿತು. ಸಾರಿಗೆ ಕೋಳಿಯ ಎಲುಬೂ ಸೇರಿತು. ಬೆಳ್ಳುಳ್ಳಿಯನ್ನು ಕಪ್ಪಾಗುವವರೆಗೆ ಹುರಿದು ತೆಗೆದ ಮಾಯು ಎಂಬ ಎಣ್ಣೆ ಮೇಲೇರಿತು. ಬೆಳ್ಳುಳ್ಳಿಯ ಚೂರುಗಳ ಗರಿಗರಿ, ಎಣ್ಣೆಯ ನಸುಗಹಿ ಎರಡೂ ಹಿತವಾಗಿದ್ದವು. ಆದರೆ ಕುರುಮೆಯಿಂದ ನೇರವಾಗಿ ಬಂದ ನಾಲಿಗೆಗೆ ಆ ಎಣ್ಣೆಯ ಅಡಿಯಲ್ಲಿ ಸಾರನ್ನು ಹುಡುಕಬೇಕಾಯಿತು. ಕುಮಾಮೊತೊದವರು ಈ ಮಾತನ್ನು ಒಪ್ಪಲಾರರು. ಅವರಿಗೆ ಬೆಳ್ಳುಳ್ಳಿಯಿಲ್ಲದ ಕುರುಮೆಯ ಬಟ್ಟಲೇ ಸಪ್ಪೆಯೆನ್ನಿಸಬಹುದು. ಮೂರೂ ಊರುಗಳನ್ನು ಒಂದೇ ದಿನದಲ್ಲಿ ಮುಗಿಸುವ ಹಟವುಳ್ಳವರು ಕುಮಾಮೊತೊದಿಂದ ಹೊರಟು ಉತ್ತರಕ್ಕೆ ಬರುವುದು ಮೇಲು. ನಾಗಹಾಮಾದ ಹಗುರ ಬಟ್ಟಲನ್ನು ರಾತ್ರಿಗೆ ಉಳಿಸಿಕೊಂಡರೆ ಕಾಯೆದಾಮಾ ಕೇಳಲು ಹೊಟ್ಟೆಯಲ್ಲಿ ಒಂದಿಷ್ಟು ಜಾಗವಾದರೂ ಇದ್ದೀತು.