ಎರಡು ಬಾಟಲಿ, ಮೂರು ವಾರ

ಮಗಳು ಕುದುರೆ ಸವಾರಿ ಕಲಿಯುತ್ತಿದ್ದಾಳೆ. ನಾವಿರುವುದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಸೆಪ್ಟೆಂಬರಿನ ಒಂದು ಶನಿವಾರ ಅವಳನ್ನು ಬಿಟ್ಟು ಬರೋಣ ಅಂತ ಹೋದರೆ ಅವತ್ತು ಕ್ಲಾಸೇ ಇಲ್ಲ, ಲಸಿಕೆ ಹಾಕುವ ದಿನವಂತೆ. ಹೇಗೂ ಬಂದಾಗಿದೆ, ಬೇಲಿಗೆ ಒರಗಿ ನೋಡುತ್ತಾ ನಿಂತೆವು.

ಡಾಕ್ಟರಮ್ಮ ಪುಟ್ಟ ಬಾಟಲಿಯ ತಳದಲ್ಲಿ ಅಂಟಿಕೊಂಡಿದ್ದ ಒಣ ಬಿಲ್ಲೆಗೆ ನೀರಿನಂಥದ್ದೇನೋ ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ, ಸೂಜಿಗೆ ಎಳೆದು ಕುದುರೆಯ ಕತ್ತಿನ ಚರ್ಮದಡಿ ಚುಚ್ಚಿದರು. ಕುದುರೆ ಕಿವಿ ಹಿಂದಕ್ಕೆ ಮಡಚಿತು, ಅಷ್ಟೇ. ಐಸ್ ಡಬ್ಬಿಯಲ್ಲಿ ಇನ್ನೊಂದು ಥರದ ಬಾಟಲಿಗಳೂ ಇದ್ದವು. ಅವನ್ನು ಮುಟ್ಟಲೇ ಇಲ್ಲ.

"ಅಪ್ಪಾ, ಅದನ್ಯಾಕೆ ಹಾಕಲಿಲ್ಲ?" ಅಂದಳು ಮಗಳು. ನನಗೇನು ಗೊತ್ತು! ಡಾಕ್ಟರಮ್ಮನೇ ಹೇಳಿದರು, ಅದು ಮೂರು ವಾರ ಆದಮೇಲೆ ಅಂತ. ಯಾಕೆ ಅಂತ ಹುಡುಕಲು ಹೋಗಿ ಒಂದು ವಾರ ಅದರಲ್ಲೇ ಮುಳುಗಿದೆ.

ಅವತ್ತು ಹಾಕಿದ್ದು ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ಅನ್ನೋ ವೈರಸ್ ಕಾಯಿಲೆಯ ಲಸಿಕೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿಗಳು ಕಚ್ಚಿ ಹರಡುತ್ತವೆ. ಜೀಬ್ರಾಗೆ ಬಂದರೆ ಬಂದದ್ದೇ ಗೊತ್ತಾಗುವುದಿಲ್ಲ. ಕುದುರೆಗೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮುಂಗಾಲು ಅಗಲಿಸಿ ಕತ್ತು ಚಾಚಿ ನಿಲ್ಲುತ್ತದೆ, ಮೂಗಿನಿಂದ ಬುರುಗು ಬುರುಗಾಗಿ ನೊರೆ. ಬೆಳಿಗ್ಗೆ ಚೆನ್ನಾಗಿದ್ದ ಕುದುರೆ ರಾತ್ರಿಗೆ ಇಲ್ಲ. 1854-55ರಲ್ಲಿ ಈ ದೇಶದ ದಕ್ಷಿಣ ತುದಿಯ ಕೇಪ್ ಪ್ರಾಂತ್ಯದಲ್ಲಿ ಹೀಗೆ ಸತ್ತ ಕುದುರೆಗಳು ಸುಮಾರು 70,000.

ಪ್ರಿಟೋರಿಯಾದ ಉತ್ತರಕ್ಕೆ ಓಂಡರ್‌ಸ್ಟಿಪೂರ್ಟ್ ಅಂತ ಇದೆ. 1908ರಲ್ಲಿ ಅಲ್ಲಿ ಪಶುರೋಗ ಸಂಶೋಧನಾಲಯ ಕಟ್ಟಿಸಿದವರು ಆರ್ನಾಲ್ಡ್ ಥೈಲರ್. ಸ್ವಿಟ್ಜರ್ಲೆಂಡಿನಿಂದ ಬಂದ ಪಶುವೈದ್ಯ. ಬಂದ ಹೊಸದರಲ್ಲೇ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈ ಹೋಯಿತು. ಒಂದೇ ಕೈಯಲ್ಲಿ ಜೀವಮಾನವಿಡೀ ಕೆಲಸ ಮಾಡಿದ ಮನುಷ್ಯ. ಆದರೆ ಈ ಕಾಯಿಲೆಗೆ ನಂಬಿಕೆಯ ಲಸಿಕೆ ಅವರ ಕೈಗೆ ಸಿಗಲಿಲ್ಲ. ಒಂದು ಥರದ ವೈರಸ್ ಗೆದ್ದ ಕುದುರೆ ಇನ್ನೊಂದು ಥರದ್ದಕ್ಕೆ ಸಾಯುತ್ತಿತ್ತು.

ದಾರಿ ಸಿಕ್ಕಿದ್ದು ಮಗನಿಂದ, ಅದೂ ಬೇರೆಯದೇ ಕಾಯಿಲೆಯ ಕೆಲಸದಲ್ಲಿ. ಪ್ರಿಟೋರಿಯಾದಲ್ಲೇ ಹುಟ್ಟಿದ ಮ್ಯಾಕ್ಸ್ ಥೈಲರ್ ಅಮೆರಿಕದಲ್ಲಿ ಮನುಷ್ಯರ ಹಳದಿ ಜ್ವರದ ವೈರಸ್ಸನ್ನು ಇಲಿಯ ಮಿದುಳಿನಲ್ಲಿ ಬೆಳೆಸಿದರು. ಒಂದು ಇಲಿಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋದರೆ ವೈರಸ್‌ನ ಗುಣವೇ ಬದಲಾಗುತ್ತದೆ ಅಂತ ಕಂಡುಕೊಂಡರು. 1951ರಲ್ಲಿ ನೊಬೆಲ್ ಬಂತು. ಇತ್ತ ಅಪ್ಪನ ಸಂಸ್ಥೆಯಲ್ಲಿ ರೇಮಂಡ್ ಅಲೆಕ್ಸಾಂಡರ್ 1930ರ ದಶಕದಲ್ಲಿ ಅದೇ ಉಪಾಯವನ್ನು ಕುದುರೆಯ ವೈರಸ್ ಮೇಲೆ ಮಾಡಿದರು. ಇಲಿಯ ಮಿದುಳಿಗೆ ಒಗ್ಗಿಕೊಂಡ ವೈರಸ್ಸಿಗೆ ಕುದುರೆಯ ಶ್ವಾಸಕೋಶ ಮರೆತುಹೋಯಿತು. ಪರದೇಶಕ್ಕೆ ಹೋದವನಿಗೆ ಊರ ಭಾಷೆ ನಾಲಿಗೆಯ ಮೇಲೆ ತಡವರಿಸುವ ಹಾಗೆ. (ನನ್ನನ್ನೇ ಹೇಳಿಕೊಂಡಿದ್ದು, ಬೇರೆಯವರು ಬೇಜಾರು ಮಾಡ್ಕೋಬೇಡಿ.)

ಹಾಗೆ ಪಳಗಿದ ವೈರಸ್ಸೇ ಲಸಿಕೆಯಾಯಿತು. ಆದರೆ ಮಿದುಳಿಗೆ ಒಗ್ಗಿದ್ದೇ ಆಮೇಲೆ ತೊಂದರೆಯೂ ಆಯಿತು. 1980ರ ದಶಕದಲ್ಲಿ ಲಸಿಕೆ ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ ಕೆಲವರಿಗೆ ಮಿದುಳಿನ ಉರಿಯೂತ ಬಂತು, ಕಣ್ಣಿನ ಒಳಪದರಕ್ಕೂ (ರೆಟಿನಾ) ಪೆಟ್ಟಾಯಿತು. ಒಡೆದ ಬಾಟಲಿಯ ಪುಡಿ ಗಾಳಿಗೆ ಸೇರಿ ಮೂಗಿಗೆ ಹೋಗಿರಬೇಕು ಅನ್ನುತ್ತಾರೆ. ಈಗಿನ ಲಸಿಕೆಯ ವೈರಸ್ಸನ್ನು ಇಲಿಯಲ್ಲಲ್ಲ, ಗಾಜಿನ ಪಾತ್ರೆಯ ಜೀವಕೋಶಗಳಲ್ಲಿ ಪಳಗಿಸುತ್ತಾರೆ.

ಸರಿ, ಎರಡು ಬಾಟಲಿ ಯಾಕೆ? ಈ ವೈರಸ್ಸಿನಲ್ಲಿ 9 ಬಗೆ. ಮೊದಲ ಬಾಟಲಿಯಲ್ಲಿ 1, 3, 4. ಎರಡನೆಯದರಲ್ಲಿ 2, 6, 7, 8. ಉಳಿದ 5 ಮತ್ತು 9 ಇಲ್ಲ, ಆದರೆ 8 ಮತ್ತು 5 ದಾಯಾದಿಗಳು, 6 ಮತ್ತು 9 ಕೂಡ, ಒಂದಕ್ಕೆ ಬಂದ ರಕ್ಷಣೆ ಇನ್ನೊಂದಕ್ಕೂ ಸ್ವಲ್ಪ ಸಲ್ಲುತ್ತದೆ. ಏಳನ್ನೂ ಒಟ್ಟಿಗೆ ಬಿಟ್ಟರೆ ಒಂದಕ್ಕೊಂದು ಅಡ್ಡಗಾಲು ಹಾಕುತ್ತವೆ. ಇವೆಲ್ಲಾ ಬದುಕಿರುವ ವೈರಸ್ಸುಗಳು, ಅಲ್ವಾ? ಕುದುರೆಯೊಳಗೆ ಬೆಳೆದರೆ ಮಾತ್ರ ಕೆಲಸ.

ಬದುಕಿರುವುದಕ್ಕೆ ಇನ್ನೊಂದು ಬೆಲೆಯೂ ಇದೆ. ಊರಿಗೆ ಹೋದ ಎರಡೇ ದಿನಕ್ಕೆ ನನ್ನ ಹಳೇ ಭಾಷೆ ವಾಪಸ್ ಬರುತ್ತದಲ್ಲ, ವೈರಸ್ಸಿಗೂ ಹಾಗೇ. 2004ರಿಂದ 2014ರ ನಡುವೆ ಕೇಪ್ ಭಾಗದಲ್ಲಿ ಕಾಣಿಸಿಕೊಂಡ ಕೆಲವು ಹಾವಳಿಗಳ ವೈರಸ್ಸನ್ನು ಬಿಚ್ಚಿ ನೋಡಿದರೆ ಅದು ಕಾಡಿನದಲ್ಲ, ಲಸಿಕೆಯದೇ ಸಂತಾನ! ನುಸಿಗಳ ಮೂಲಕ ದಾಟಿ, ತಮ್ಮ ತಮ್ಮಲ್ಲೇ ವಂಶವಾಹಿಯ ತುಂಡುಗಳನ್ನು ಅದಲುಬದಲು ಮಾಡಿಕೊಂಡು, ಹಳೇ ಚಾಳಿಗೆ ಮರಳಿದ್ದವು. ಅದಕ್ಕೇ ಆ ಕಡೆ ನುಸಿ ಕಡಿಮೆ ಇರುವ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ, ಅದೂ ಅನುಮತಿ ಪಡೆದು ಹಾಕಬೇಕು.

ಹಾಗಂತ ಇದು ಬೇಡ ಅನ್ನಲು ನನಗೆ ಧೈರ್ಯವಿಲ್ಲ. 1959ರಲ್ಲಿ ಈ ಕಾಯಿಲೆ ಮಧ್ಯಪ್ರಾಚ್ಯದಲ್ಲಿ ಶುರುವಾಗಿ 1960ರಲ್ಲಿ ಭಾರತಕ್ಕೂ ಬಂತು. ಎಲ್ಲ ದೇಶ ಸೇರಿ 3 ಲಕ್ಷಕ್ಕೂ ಜಾಸ್ತಿ ಕುದುರೆ, ಕತ್ತೆ, ಹೇಸರಗತ್ತೆ ಹೋದವು. 2020ರಲ್ಲಿ ಥಾಯ್ಲೆಂಡ್‌ನಲ್ಲಿ 500ಕ್ಕೂ ಹೆಚ್ಚು ಕುದುರೆಗಳು ಸತ್ತವು. ಕೋವಿಡ್ ಗಲಾಟೆಯ ನಡುವೆ ಜನ ಲಾಯಗಳಿಗೆ ಪರದೆ ಹೊಲಿದು ಕಟ್ಟಿ ಕಾದರು. ಆಗ ಅಲ್ಲಿಗೆ ಹೋದದ್ದೂ ಇದೇ ಲಸಿಕೆ.

ಚುಚ್ಚಿದ ಮೇಲೆ ಕುದುರೆಯನ್ನು ಜಾಸ್ತಿ ದುಡಿಸಬಾರದಂತೆ, ಹಾಗಾಗಿ ಮಗಳಿಗೆ ಸವಾರಿ ಇಲ್ಲ. ಮುಖ ಊದಿಸಿಕೊಂಡು ಬ್ರಶ್ ಹಿಡಿದು ಮೈ ಉಜ್ಜುತ್ತಾ ಕೂರುತ್ತಾಳೆ. ಕ್ಯಾಲೆಂಡರಿನಲ್ಲಿ ಎರಡನೇ ಬಾಟಲಿಯ ದಿನಕ್ಕೆ ಅವಳೇ ಕೆಂಪು ಗುಂಡು ಸುತ್ತಿದ್ದಾಳೆ. ನಿನ್ನೆ ಸಂಜೆ ಬಿಸಿಲು ಇಳಿಯುವ ಮೊದಲೇ ಕುದುರೆಗಳನ್ನೆಲ್ಲ ಲಾಯಕ್ಕೆ ಹೊಡೆದರು, ನುಸಿ ಏಳುವ ಹೊತ್ತಲ್ಲವಾ ಅದು. ಬಾಗಿಲ ಪರದೆಯಲ್ಲಿ ಒಂದು ತೂತು ಕಂಡು ಇವಳು ಬೆರಳು ತೂರಿಸಿ ನನಗೆ ತೋರಿಸಿದಳು. ಕಾರಿನಲ್ಲಿದ್ದ ಟೇಪ್ ತಂದು ಅಂಟಿಸಿ ಬಂದೆವು.