ಗೇಟಿನ ಹತ್ತಿರ ನಿಂತುಬಿಡುವ ಕಥೆ

ನಮ್ಮ ಅಪ್ಪಾಜಿಗೆ ಈಗ 84. ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ 26 ವರ್ಷ ನೂಲುವ ಮಷಿನ್ ಮುಂದೆ ನಿಂತವರು. ಎಳೆ ಕಡಿದರೆ ಹೆಬ್ಬೆರಳು, ತೋರುಬೆರಳಲ್ಲಿ ಹೊಸೆದು ಕೂಡಿಸಬೇಕು, ಅದೇ ಅವರ ಕೆಲಸ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಯಿತು. ಬೆರಳು ಮಾತ್ರ ಇನ್ನೂ ನಿಂತಿಲ್ಲ. ಟಿವಿ ನೋಡುವಾಗಲೂ ಟವೆಲ್ಲಿನ ಅಂಚಿನ ದಾರ ಹೊಸೆಯುತ್ತಾ ಕೂತಿರುತ್ತಾರೆ.

ಅವರದ್ದೊಂದು ಕಥೆ ಇದೆ. "ಆವತ್ತು ಮಳೆ ಹಿಡ್ಕಂಡಿತ್ತವ್ವ. ಬೆಳಗಿನ ಪಾಳಿ. ಸೈರನ್ ಆಯ್ತು. ಗೇಟ್ ಹತ್ರ ಹೋದೆ..." ಅಷ್ಟರಲ್ಲಿ ನಾನು "ಅಪ್ಪಾಜಿ, ಇದನ್ನ ಹೇಳಿದ್ದೀರಿ" ಅಂದುಬಿಡುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ನಾನು ಪಿಯು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುವವಳು.

ಹೋದ ವರ್ಷ ಅವರನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೇಳಿದ್ದನ್ನೇ ಹೇಳುತ್ತಾರೆ ಅಂದೆ. ಅಪ್ಪಾಜಿಯನ್ನು ಒಂದು ಮಾತೂ ಕೇಳದೆ, "ಮರೆವು ಶುರುವಾಗಿದೆ, ವಯಸ್ಸು" ಅಂದು ಚೀಟಿ ಬರೆದರು. ನನಗೆ ಒಪ್ಪಿಗೆಯಾಗಲಿಲ್ಲ. ನಿನ್ನೆ ಏನು ಸಾರು ಮಾಡಿದ್ದೆವು, ಮೊಮ್ಮಗನ ಪರೀಕ್ಷೆ ಯಾವತ್ತು, ಎಲ್ಲವೂ ಅವರಿಗೆ ನೆನಪಿದೆ. ಬೇರೆ ಕಡೆ ಸರಿಯಾಗಿ ಪರೀಕ್ಷೆ ಮಾಡಿಸಿದೆವು. ನೆನಪಿಗೇನೂ ತೊಂದರೆ ಇಲ್ಲ ಅಂದರು. (ಪರೀಕ್ಷೆ ಖಂಡಿತ ಮಾಡಿಸಿ. ಹತ್ತು ನಿಮಿಷದ ಹಿಂದೆ ಹೇಳಿದ್ದೇ ಮರೆತು ಮತ್ತೆ ಹೇಳುತ್ತಿದ್ದರೆ, ಹಾದಿ ತಪ್ಪುತ್ತಿದ್ದರೆ ಅದು ಬೇರೆ ವಿಷಯ.)

ಹಾಗಾದರೆ ಅದೇ ಕಥೆ ಯಾಕೆ?

ಉತ್ತರ ನನ್ನ ಕಪಾಟಿನಲ್ಲೇ ಇತ್ತು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಒಂದು ಲೇಖನ ಬರೆದರು. ವಯಸ್ಸಾದವರು ಹಳೆಯದನ್ನೇ ಮಾತಾಡಿದರೆ ತಲೆ ಕೆಡುತ್ತಿದೆ ಅಂತಲೇ ಆಗ ಜಾಸ್ತಿ ಜನ ತಿಳಿದಿದ್ದರು. ಬಟ್ಲರ್ ಹಾಗಲ್ಲ ಅಂದರು. ಸಾವು ಹತ್ತಿರ ಬಂತು ಅನ್ನಿಸಿದಾಗ ಮನಸ್ಸು ತಾನಾಗಿಯೇ ಬದುಕನ್ನು ಹಿಂದಕ್ಕೆ ತಿರುಗಿ ನೋಡುತ್ತದೆ. ಇತ್ಯರ್ಥವಾಗದೆ ಉಳಿದದ್ದು ಮೇಲೆ ಬರುತ್ತದೆ. ಇದನ್ನು ಅವರು ಜೀವನದ ಮರುನೋಟ ಅಂತ ಕರೆದರು. ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಹೇಳುವ ಬದುಕಿನ 8 ಘಟ್ಟಗಳಲ್ಲಿ ಕೊನೆಯದ್ದೂ ಇದೇ ಅಲ್ವಾ? ನಾನು ಬದುಕಿದ್ದು ನನ್ನದೇ, ಅದು ಹಾಗೆಯೇ ಆಗಬೇಕಿತ್ತು ಅನ್ನುವ ನೆಮ್ಮದಿ ಒಂದು ಕಡೆ. ಎಲ್ಲಾ ಹಾಳಾಯಿತು, ತಿದ್ದಿಕೊಳ್ಳಲು ಇನ್ನು ಹೊತ್ತಿಲ್ಲ ಅನ್ನುವ ಹತಾಶೆ ಇನ್ನೊಂದು ಕಡೆ. ಪ್ರತಿ ವರ್ಷ ಬೋರ್ಡಿನ ಮೇಲೆ ಇದನ್ನು ಬರೆಯುತ್ತೇನೆ. ಮನೆಯಲ್ಲಿ ಅದೇ ಘಟ್ಟ ಎದುರಿಗೆ ಕೂತು ಮಾತಾಡುತ್ತಿದ್ದಾಗ ನಾನು ತಡೆದೆ. ಅದರ ನೋವು ನನಗೆ ಈಗಲೂ ಇದೆ.

ಒಂದು ಶನಿವಾರ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಕೂತಿದ್ದೆವು. ಅಪ್ಪಾಜಿಗೆ ಎರಿಕ್‌ಸನ್ ಬಗ್ಗೆ ಹೇಳಿದೆ. ಎರಿಕ್‌ಸನ್ 1962ರಲ್ಲಿ ಮನುಷ್ಯನ ಜೀವನಚಕ್ರದ ಮೇಲೆ ಒಂದು ವಿಚಾರಗೋಷ್ಠಿ ನಡೆಸಲು ಅಹಮದಾಬಾದಿಗೆ ಬಂದಿದ್ದರು. ಅಲ್ಲಿ 1918ರ ಹತ್ತಿ ಮಿಲ್ಲಿನ ಮುಷ್ಕರ ಅವರ ಮನಸ್ಸು ಹಿಡಿಯಿತು. ಕೂಲಿ ಹೆಚ್ಚಿಸಿ ಅಂತ ಕೇಳಿದ ಕೂಲಿಗಾರರ ಪರ ಗಾಂಧೀಜಿ 3 ದಿನ ಉಪವಾಸ ಕೂತಿದ್ದ ಮುಷ್ಕರ. ಆಗ ಗಾಂಧೀಜಿಗೆ 48. ನಡುವಯಸ್ಸಿನ ಮನುಷ್ಯ ತನ್ನ ಮಕ್ಕಳನ್ನು ದಾಟಿ ಊರವರ ಮಕ್ಕಳ ಹೊಣೆಯನ್ನೂ ಹೊರುವುದು ಹೇಗೆ ಅಂತ ಎರಿಕ್‌ಸನ್ ಅಲ್ಲಿ ಹುಡುಕಿದರು. 1969ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವೇ ಬಂತು.

ಅಪ್ಪಾಜಿಯ ಬೆರಳು ನಿಂತಿತು. "ಎಷ್ಟು ಪರ್ಸೆಂಟ್ ಕೇಳಿದ್ರು?"

"35."

"ಕೊಟ್ರಾ?"

"ಕೊನೆಗೆ ಪಂಚಾಯ್ತಿ ಮಾಡಿದವರು 35 ಕೊಡಿ ಅಂದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರು ಮಾಡಿದರು. ಮಳೆ, ಬೆಳಗಿನ ಪಾಳಿ, ಸೈರನ್, ಗೇಟು. ನಾನು ಮೊದಲ ಸಲ "ಆಮೇಲೆ?" ಅಂದೆ.

ಆವತ್ತು ಮುಷ್ಕರವಂತೆ. ಗೆಳೆಯರೆಲ್ಲ ಗೇಟಿನ ಹೊರಗೆ ಮಳೆಯಲ್ಲಿ ನಿಂತಿದ್ದರು. ಅಪ್ಪಾಜಿ ಅವರ ನಡುವಿಂದಲೇ ಒಳಗೆ ಹೋದರು. "ನಿನಗೆ ಎರಡು ವರ್ಷ. ಆಸ್ಪತ್ರೇಲಿದ್ದೆ. ಔಷಧಿಗೆ ದುಡ್ಡಿರಲಿಲ್ಲ. ಯಾರೂ ಏನೂ ಅನ್ನಲಿಲ್ಲವ್ವ. ದಾರಿ ಬಿಟ್ರು. ಅದೇ ತಡಕೊಳ್ಳೋಕಾಗ್ಲಿಲ್ಲ."

ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ನನ್ನ ಹೆಸರು ಬರುವ ಜಾಗಕ್ಕೆ ಕಥೆ ತಲುಪುವ ಮೊದಲೇ ನಾನು ಅದನ್ನು ನಿಲ್ಲಿಸುತ್ತಿದ್ದೆ.

ಈಗ ಪ್ರತಿ ಶನಿವಾರ ಒಂದು ಗಂಟೆ ಕೂರುತ್ತೇವೆ. ಜೀವನದ ಮರುನೋಟವನ್ನು ಚಿಕಿತ್ಸೆಯಾಗಿ ಮಾಡುವವರೂ ಹೆಚ್ಚುಕಮ್ಮಿ ಹೀಗೇ ಮಾಡುತ್ತಾರೆ. ಆರೆಂಟು ವಾರ, ವಾರಕ್ಕೊಂದು ಘಟ್ಟ, ಬಾಲ್ಯದಿಂದ ಇವತ್ತಿನವರೆಗೆ, ಕೇಳುವವರು ಒಬ್ಬರೇ. ನೆನಪು ಹೇಳಿಸುವುದಷ್ಟೇ ಸಾಲದು. ಅದನ್ನು ಈಗ ಹೇಗೆ ನೋಡುತ್ತೀರಿ ಅಂತಲೂ ಕೇಳಬೇಕು. ತಪ್ಪು ನಿಮ್ಮದಲ್ಲ ಬಿಡಿ ಅಂತ ಬೇಗ ಸಮಾಧಾನ ಹೇಳಬಾರದು. ಇದು ನನಗೆ ಬಹಳ ಕಷ್ಟವಾಯಿತು, ಬಾಯಿ ಕಟ್ಟಿಕೊಂಡು ಕೂರಬೇಕಾಯಿತು. ಎಲ್ಲರಿಗೂ ಇದು ಹಿತವಲ್ಲ ಅನ್ನುವುದೂ ನಿಜ. ತಿರುಗಿ ನೋಡಿದಾಗ ಕೆಲವರು ಖಿನ್ನತೆಗೆ, ತಪ್ಪಿತಸ್ಥ ಭಾವನೆಗೆ ಜಾರುತ್ತಾರೆ ಅಂತ ಬಟ್ಲರ್ ಅವರೇ ಎಚ್ಚರಿಸಿದ್ದಾರೆ. ಊಟ ಬಿಟ್ಟರೆ, ನಿದ್ದೆ ಕೆಟ್ಟರೆ ನಿಲ್ಲಿಸಿ ಆಪ್ತಸಲಹೆಗಾರರ ಹತ್ತಿರ ಹೋಗಬೇಕು.

ಎರಿಕ್‌ಸನ್ 1994ರಲ್ಲಿ ತೀರಿಕೊಂಡರು. ಹೆಂಡತಿ ಜೋನ್ ತೊಂಬತ್ತು ದಾಟಿದ ಮೇಲೆ 9ನೇ ಘಟ್ಟ ಸೇರಿಸಿದರು. ಆ ವಯಸ್ಸಲ್ಲಿ ಹಳೆಯ ಘಟ್ಟಗಳೇ ತಿರುಗಿ ಬರುತ್ತವೆ, ಕೂಸಿನ ಮೊದಲ ಪ್ರಶ್ನೆಯಾದ ನಂಬಿಕೆ ಕೂಡ. ತನ್ನ ಕಾಲನ್ನೇ ತಾನು ನಂಬಲಾಗದ ಸ್ಥಿತಿ ಅದು. ಅಪ್ಪಾಜಿ ಬಚ್ಚಲ ಬಾಗಿಲಲ್ಲಿ ಹೊಸ್ತಿಲು ನೋಡುತ್ತಾ ನಿಲ್ಲುವಾಗ ನನಗೆ ಜೋನ್ ನೆನಪಾಗುತ್ತಾರೆ. ಕೈ ಕೊಡುತ್ತೇನೆ.

ಗೇಟಿನ ಕಥೆ ಇನ್ನೂ ಹೇಳುತ್ತಾರೆ. ಈಗ ಅದು ಗೇಟಿನ ಹತ್ತಿರ ನಿಲ್ಲುವುದಿಲ್ಲ. ಹೊರಗೆ ನಿಂತಿದ್ದವರಲ್ಲಿ ಒಬ್ಬ ಜೀವದ ಗೆಳೆಯ ಇದ್ದನಂತೆ. ಒಂದು ವರ್ಷ ಇವರು ಅವನ ಮುಖ ನೋಡಲಿಲ್ಲ. ಒಂದು ದಿನ ಪಾಳಿ ಮುಗಿಸಿ ಬರುವಾಗ ಅವನೇ ಬಂದು ಬೀಡಿ ಚಾಚಿದ.

"ನಾನು ಸೇದ್ತಿರಲಿಲ್ಲವ್ವ," ಅನ್ನುತ್ತಾರೆ ಅಪ್ಪಾಜಿ. "ಆದ್ರೂ ಇಸ್ಕಂಡೆ."