ಗೇಮ್ ಒಳಗಿನ ಸದ್ದು: ಮೊದಲು ಬಿಚ್ಚಿ, ಬದಲಿಸುವುದು ಆಮೇಲೆ

ಗೇಮ್‌ನಿಂದ ಹಾಡು, ಸದ್ದು ತೆಗೆಯಬೇಕು ಅನ್ನುವವರು ಮೊದಲು ಕೇಳುವುದೇ "ಇದನ್ನು ಎಂಪಿ3 ಮಾಡೋ ಕನ್ವರ್ಟರ್ ಯಾವುದು?" ಅಂತ. ನನ್ನ ಉತ್ತರ ಯಾವಾಗಲೂ ಒಂದೇ. ಸ್ವಲ್ಪ ತಡೆಯಿರಿ, ಕನ್ವರ್ಟರ್ ಬೇಕೋ ಬೇಡವೋ ಅನ್ನೋದೇ ಇನ್ನೂ ಗೊತ್ತಿಲ್ಲ. ಫೈಲನ್ನು ಬಿಚ್ಚುವುದು ಒಂದು ಕೆಲಸ, ಅದರ ಫಾರ್ಮ್ಯಾಟ್ ಬದಲಿಸುವುದು ಬೇರೆಯೇ ಕೆಲಸ. ಎರಡನ್ನೂ ಒಂದೇ ಬಟನ್‌ನಲ್ಲಿ ಮುಗಿಸುವ ಟೂಲ್‌ಗಳು ಅನುಕೂಲ ಅನ್ನಿಸುತ್ತವೆ, ಆದರೆ ಒಳ್ಳೆಯ ಸದ್ದು ಕೆಡುವುದು ಹೆಚ್ಚಾಗಿ ಅಲ್ಲೇ.

ಇದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ಎಷ್ಟೋ ಗೇಮ್‌ಗಳ ಸಂಗೀತ ಆಲ್ಬಮ್ ಆಗಿ ಹೊರಬಂದೇ ಇಲ್ಲ. ಬಂದರೂ ಅದರಲ್ಲಿ ಮುಖ್ಯ ಟ್ಯೂನ್‌ಗಳು ಮಾತ್ರ ಇರುತ್ತವೆ. ಮೆನು ತೆರೆದಾಗ ಬರುವ ಚಿಕ್ಕ ಟಿಂಗ್ ಸದ್ದು, ಮಳೆಯ ಹಿನ್ನೆಲೆ, ಒಂದೇ ಪಾತ್ರ ಒಂದೇ ಮಾತನ್ನು ನಾಲ್ಕು ಥರ ಹೇಳಿರುವ ರೆಕಾರ್ಡಿಂಗ್, ಇವೆಲ್ಲ ಗೇಮ್ ಫೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಅದನ್ನು ಮಾಡಿದವರು ಎಷ್ಟು ಜತನದಿಂದ ಮಾಡಿದ್ದಾರೋ ನಾವೂ ಅಷ್ಟೇ ಜತನದಿಂದ ಹೊರಗೆ ತೆಗೆಯಬೇಕು, ಅಲ್ವಾ?

ಸುಲಭದ ಉದಾಹರಣೆಯಿಂದಲೇ ಶುರು ಮಾಡೋಣ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಅಸೆಟ್ಸ್ ಅನ್ನುವ ಫೋಲ್ಡರ್ ಇದೆ. ಅದರೊಳಗೆ ಆಬ್ಜೆಕ್ಟ್ಸ್, ಅದರೊಳಗೆ ಎರಡೆರಡು ಅಕ್ಷರದ ನೂರಾರು ಫೋಲ್ಡರ್‌ಗಳು, ಅವುಗಳೊಳಗೆ ಎಕ್ಸ್‌ಟೆನ್ಶನ್ನೇ ಇಲ್ಲದ ಉದ್ದುದ್ದ ಹೆಸರಿನ ಫೈಲ್‌ಗಳು. ನೋಡಿದರೆ ಏನೋ ಬೀಗ ಹಾಕಿಟ್ಟ ಹಾಗೆ ಕಾಣುತ್ತದೆ. ಬೀಗ ಏನೂ ಇಲ್ಲ. ಆ ಹೆಸರುಗಳು ಫೈಲಿನ ಎಸ್‌ಎಚ್‌ಎ-1 ಹ್ಯಾಶ್ (ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ಗುರುತು), ಅದರ ಮೊದಲ ಎರಡು ಅಕ್ಷರವೇ ಫೋಲ್ಡರ್ ಹೆಸರು. ಪಕ್ಕದ ಇಂಡೆಕ್ಸಸ್ ಫೋಲ್ಡರ್‌ನಲ್ಲಿ ಇರುವ ಜೇಸನ್ ಫೈಲ್ ತೆರೆದರೆ ಯಾವ ಹ್ಯಾಶ್ ಯಾವ ಸದ್ದು ಅಂತ ಸಾಲುಸಾಲಾಗಿ ಬರೆದಿದೆ. ಸದ್ದಿನ ಫೈಲ್‌ಗಳೆಲ್ಲ ಒಳಗೆ ಸಾದಾ ಆಗ್ ವೋರ್ಬಿಸ್, ಅಂದರೆ ಎಂಪಿ3 ಥರವೇ ಸ್ವಲ್ಪ ವಿವರ ಬಿಟ್ಟು ಸದ್ದನ್ನು ಚಿಕ್ಕದಾಗಿಸುವ ಫಾರ್ಮ್ಯಾಟ್. ಹೆಸರು ಬದಲಿಸಿದರೆ ಸಾಕು, ಪ್ಲೇಯರ್‌ನಲ್ಲಿ ಹಾಡುತ್ತವೆ. ಇಲ್ಲಿ ಕನ್ವರ್ಟ್ ಮಾಡುವುದಕ್ಕೆ ಏನೂ ಇಲ್ಲ. ಮಾಡಿದರೆ ನಷ್ಟ ಮಾತ್ರ.

ಹಾಗಾಗಿ ಎಕ್ಸ್‌ಟೆನ್ಶನ್ ನಂಬಬೇಡಿ, ಮೊದಲ ನಾಲ್ಕು ಬೈಟ್ ನೋಡಿ. ಎಚ್‌ಎಕ್ಸ್‌ಡಿ ಥರದ ಯಾವುದಾದರೂ ಹೆಕ್ಸ್ ಎಡಿಟರ್ (ಫೈಲಿನ ಬೈಟ್‌ಗಳನ್ನು ಹಾಗೇ ತೋರಿಸುವ ಟೂಲ್) ಸಾಕು, ಪುಕ್ಕಟೆ ಸಿಗುವವೂ ಇವೆ. ಆಗ್ ಫೈಲ್ ಶುರುವಾಗುವುದು "ಆಗ್‌ಎಸ್" ಅನ್ನುವ ನಾಲ್ಕು ಅಕ್ಷರದಿಂದ. ವೇವ್ ಫೈಲ್‌ಗೆ "ರಿಫ್". ಎಫ್‌ಮಾಡ್ ಎಂಜಿನ್ನಿನ ಸದ್ದಿನ ಕಟ್ಟಿಗೆ "ಎಫ್‌ಎಸ್‌ಬಿ5". ವೈಸ್ ಅನ್ನುವ ಇನ್ನೊಂದು ಸೌಂಡ್ ಎಂಜಿನ್ ಬಳಸಿದ ಗೇಮ್‌ನ ಬ್ಯಾಂಕ್ ಫೈಲ್‌ಗೆ "ಬಿಕೆಎಚ್‌ಡಿ". ಫೈಲಿನ ಹೆಸರು ಡಾಟ್ ಡ್ಯಾಟ್ ಅಂತ ಇರಲಿ, ಡಾಟ್ ಬಿನ್ ಅಂತ ಇರಲಿ, ಈ ಅಕ್ಷರಗಳು ಕಂಡರೆ ಮುಂದಿನ ದಾರಿ ಗೊತ್ತಾದ ಹಾಗೆ. ಮೊದಲಲ್ಲಿ ಏನೂ ಕಾಣದಿದ್ದರೆ ಫೈಲಿನೊಳಗೇ ಇವನ್ನು ಹುಡುಕಿ, ಎಷ್ಟೋ ಸಲ ದೊಡ್ಡ ಕಟ್ಟಿನ ಮಧ್ಯದಲ್ಲಿ ಒಂದರ ಹಿಂದೆ ಒಂದು ಸಿಗುತ್ತವೆ.

ಹಳೆಯ ಗೇಮ್‌ಗಳಲ್ಲಿ ಈ ಕಟ್ಟುಗಳು ಎಷ್ಟು ಸರಳ ಅಂದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. 1996ರ ಕ್ವೇಕ್‌ನ ಪ್ಯಾಕ್ ಫೈಲ್ ತೆಗೆದುಕೊಳ್ಳಿ. ಮೊದಲ 12 ಬೈಟ್ ಹೆಡರ್. ಅದರಲ್ಲಿ "ಪ್ಯಾಕ್" ಅನ್ನುವ ಗುರುತು, ಫೈಲ್‌ಗಳ ಪಟ್ಟಿ ಎಲ್ಲಿದೆ, ಪಟ್ಟಿ ಎಷ್ಟು ದೊಡ್ಡದು ಅಂತ ಇರುತ್ತದೆ. ಪಟ್ಟಿಯ ಒಂದೊಂದು ಸಾಲೂ 64 ಬೈಟ್: ಹೆಸರಿಗೆ 56, ಜಾಗಕ್ಕೆ 4, ಗಾತ್ರಕ್ಕೆ 4. ಸ್ವಲ್ಪ ಪೈಥಾನ್ ಬಂದರೆ ನೀವೇ ಒಂದು ಬಿಚ್ಚುವ ಟೂಲ್ ಬರೆಯಬಹುದು. ಒಳಗಿರುವ ಸದ್ದುಗಳು ಸಾದಾ ವೇವ್ ಫೈಲ್‌ಗಳು. 1993ರ ಡೂಮ್ ಇನ್ನೊಂದು ಥರ. ಅದರ ವ್ಯಾಡ್ ಫೈಲಿನಲ್ಲಿ ಡಿಎಸ್ ಅಕ್ಷರಗಳಿಂದ ಶುರುವಾಗುವ ಹೆಸರುಗಳು ಸದ್ದು. ಒಳಗೆ ಪುಟ್ಟ ಹೆಡರ್, ಆಮೇಲೆ 8 ಬಿಟ್‌ನ ಕಚ್ಚಾ ಸ್ಯಾಂಪಲ್‌ಗಳು (ಸದ್ದಿನ ಅಲೆಯನ್ನು ಅಳೆದ ಸಂಖ್ಯೆಗಳು), ಹೆಚ್ಚಿನವು 11,025 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸ್ಯಾಂಪಲ್. ಇದಕ್ಕೆ ಸ್ಲೇಡ್ ಅನ್ನುವ ಎಡಿಟರ್ ಇದೆ. ಇಲ್ಲದಿದ್ದರೆ ಅಡಾಸಿಟಿ ಅನ್ನುವ ಆಡಿಯೋ ಎಡಿಟರ್‌ನಲ್ಲಿ ಕಚ್ಚಾ ಡೇಟಾ ಇಂಪೋರ್ಟ್ ಮಾಡುವ ಮೆನುಗೆ ಹೋಗಿ ಅನ್‌ಸೈನ್ಡ್ 8 ಬಿಟ್, ಮೋನೋ, 11,025 ಅಂತ ಕೊಡಿ, ಸದ್ದು ಕೇಳಿಸುತ್ತದೆ. ಸೈನ್ಡ್ ಅಂತ ಆರಿಸಿದರೆ ಬರೀ ಗರಗರ ಬರುತ್ತದೆ. ರೇಟ್ ತಪ್ಪಿದರೆ ಸದ್ದು ತೆಳ್ಳಗೆ ಓಡುತ್ತದೆ ಅಥವಾ ದಪ್ಪಗೆ ಎಳೆಯುತ್ತದೆ. ಕಿವಿಯೇ ಇಲ್ಲಿ ಒಳ್ಳೆಯ ಟೂಲ್.

ಈಗಿನ ದೊಡ್ಡ ಗೇಮ್‌ಗಳಿಗೆ ಬಂದರೆ ಎರಡು ಹೆಸರು ಮತ್ತೆ ಮತ್ತೆ ಸಿಗುತ್ತವೆ, ಎಫ್‌ಮಾಡ್ ಮತ್ತು ವೈಸ್. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೋರ್ಬಿಸ್ ಫೈಲಿನ ತಲೆಯಲ್ಲಿ ಕೋಡ್‌ಬುಕ್ ಅಂತ ಒಂದು ಭಾಗ ಇರುತ್ತದೆ. ಮುಂದೆ ಬರುವ ಬಿಟ್‌ಗಳನ್ನು ಹೇಗೆ ಓದಬೇಕು ಅನ್ನುವ ಕೀಲಿ ಅದು. ಚಿಕ್ಕ ಚಿಕ್ಕ ಸದ್ದು ಸಾವಿರಾರು ಇರುವ ಗೇಮ್‌ನಲ್ಲಿ ಪ್ರತಿ ಫೈಲಿಗೂ ಇದೇ ಕೀಲಿಯನ್ನು ತುಂಬಿಸಿದರೆ ಜಾಗ ಸುಮ್ನೆ ವ್ಯರ್ಥ. ಅದಕ್ಕೇ ವೈಸ್ ಅದನ್ನು ಕಿತ್ತು ಹಾಕಿ, ತನ್ನ ಎಂಜಿನ್ ಒಳಗಿನ ಕೋಡ್‌ಬುಕ್‌ಗಳ ನಂಬರ್ ಮಾತ್ರ ಫೈಲಿನಲ್ಲಿ ಬರೆಯುತ್ತದೆ. ಎಫ್‌ಮಾಡ್ ಕೂಡ ಹೀಗೇ, ತಲೆಯ ಭಾಗ ತೆಗೆದು ಅದರ ಒಂದು ಚೆಕ್‌ಸಮ್ (ಗುರುತು ಹಿಡಿಯುವ ಸಂಖ್ಯೆ) ಮಾತ್ರ ಇಟ್ಟುಕೊಳ್ಳುತ್ತದೆ. ಸದ್ದು ಪೂರ್ತಿ ಇದೆ, ಓದುವ ಕೀಲಿ ಮಾತ್ರ ಜೊತೆಯಲ್ಲಿಲ್ಲ. ವೈಸ್‌ನ ಡಾಟ್ ವೆಮ್ ಫೈಲ್‌ಗಳು "ರಿಫ್" ಅಂತಲೇ ಶುರುವಾಗುವುದರಿಂದ ಅದನ್ನು ವೇವ್ ಅಂದುಕೊಂಡು ಹೆಸರು ಬದಲಿಸಿ ತೆರೆದರೆ ಪ್ಲೇಯರ್ ಒಪ್ಪುವುದಿಲ್ಲ. ಜನ ಕೈಚೆಲ್ಲುವುದು ಇಲ್ಲೇ.

ಇದಕ್ಕೆ ಡಬ್ಲ್ಯುಡಬ್ಲ್ಯು2ಆಗ್ ಅನ್ನುವ ಪುಟ್ಟ ಟೂಲ್ ಇದೆ. ಅದು ಕಳೆದ ಕೋಡ್‌ಬುಕ್ಕನ್ನು ತನ್ನ ಜೊತೆಗಿರುವ ಫೈಲಿನಿಂದ ತಂದು ಮತ್ತೆ ತಲೆಗೆ ಕೂರಿಸಿ ಸರಿಯಾದ ಆಗ್ ಫೈಲ್ ಕಟ್ಟುತ್ತದೆ. ಆಮೇಲೆ ರೀವೋರ್ಬ್ ಓಡಿಸಿದರೆ ಹಾಡಿನ ಸಮಯದ ಲೆಕ್ಕವೂ ಸರಿಹೋಗುತ್ತದೆ. ಇಲ್ಲಿ ಗಮನಿಸಬೇಕಾದ್ದು, ಸದ್ದಿನ ಬಿಟ್‌ಗಳನ್ನು ಡಿಕೋಡ್ ಮಾಡಿ ಮತ್ತೆ ಎನ್‌ಕೋಡ್ ಮಾಡಿಲ್ಲ. ಗೇಮ್‌ನಲ್ಲಿ ಇದ್ದ ಗುಣಮಟ್ಟವೇ ನಿಮ್ಮ ಕೈಗೆ ಬಂತು. ಇದೇ ವೆಮ್ ಫೈಲನ್ನು ವೇವ್ ಮಾಡಿ, ಅಲ್ಲಿಂದ ಎಂಪಿ3 ಮಾಡಿದರೆ ಒಂದು ಸಲ ಕಳೆದುಕೊಂಡಿದ್ದ ವಿವರದ ಮೇಲೆ ಇನ್ನೊಂದು ಸಲ ಕಳೆದುಕೊಂಡ ಹಾಗೆ. 320 ಕೆಬಿಪಿಎಸ್ ಕೊಟ್ಟರೂ ಹೋದದ್ದು ವಾಪಸ್ ಬರುವುದಿಲ್ಲ, ಫೈಲ್ ಮಾತ್ರ ದಪ್ಪ ಆಗುತ್ತದೆ.

ವೈಸ್‌ನಲ್ಲಿ ಇನ್ನೊಂದು ತಲೆನೋವು ಹೆಸರುಗಳದ್ದು. ಬಿಚ್ಚಿದ ಫೈಲ್‌ಗಳ ಹೆಸರೆಲ್ಲ ಬರೀ ನಂಬರ್. ಇವೆಂಟ್ (ಗೇಮ್ ಕೊಡುವ "ಈ ಸದ್ದು ನುಡಿಸು" ಥರದ ಸೂಚನೆ) ಮತ್ತು ಬ್ಯಾಂಕ್‌ಗಳ ನಂಬರ್ ಅವುಗಳ ಹೆಸರಿನಿಂದಲೇ, ಎಫ್‌ಎನ್‌ವಿ ಅನ್ನುವ 32 ಬಿಟ್ ಹ್ಯಾಶ್‌ನಿಂದ ಬಂದದ್ದು. ಅಂದರೆ ಹೆಸರು ಊಹಿಸಿ ಹ್ಯಾಶ್ ಮಾಡಿ ನಂಬರ್ ತಾಳೆ ನೋಡಬಹುದು. ವೆಮ್ ಫೈಲ್‌ಗಳ ನಂಬರ್‌ಗೆ ಈ ಉಪಾಯ ನಡೆಯುವುದಿಲ್ಲ. ಬ್ಯಾಂಕ್ ಫೈಲ್ ಓದಿ, ಯಾವ ಇವೆಂಟ್ ಯಾವ ವೆಮ್ ಅನ್ನು ಕರೆಯುತ್ತದೆ ಅಂತ ಎಳೆ ಹಿಡಿದು ಹೋಗಬೇಕು. ವೈಸರ್ ಅನ್ನುವ ಟೂಲ್ ಈ ಕೆಲಸಕ್ಕೇ ಇರುವುದು. ಕೆಲವು ಗೇಮ್‌ಗಳಲ್ಲಿ ಸೌಂಡ್‌ಬ್ಯಾಂಕ್ಸ್‌ಇನ್ಫೋ ಅನ್ನುವ ಎಕ್ಸ್‌ಎಂಎಲ್ ಫೈಲ್ ಹಾಗೇ ಉಳಿದಿರುತ್ತದೆ. ಅದು ಸಿಕ್ಕರೆ ಎಲ್ಲ ಹೆಸರೂ ಸಿಕ್ಕ ಹಾಗೆ, ಮೊದಲು ಅದನ್ನೇ ಹುಡುಕಿ.

ಯೂನಿಟಿ ಅನ್ನುವ ಗೇಮ್ ಎಂಜಿನ್ನಿನಲ್ಲಿ ಮಾಡಿದ ಗೇಮ್ ಆದರೆ ಅಸೆಟ್‌ಸ್ಟುಡಿಯೋ ಅನ್ನುವ ಬಿಚ್ಚುವ ಟೂಲ್ ಸಾಕು. ಅದರ ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಆಡಿಯೋವನ್ನು ವೇವ್‌ಗೆ ಬದಲಿಸುವ ಟಿಕ್ ಇದೆ. ನಾನು ಅದನ್ನು ತೆಗೆದೇ ಎಕ್ಸ್‌ಪೋರ್ಟ್ ಮಾಡುವುದು. ಆಗ ಮೂಲ ಎಫ್‌ಎಸ್‌ಬಿ (ಎಫ್‌ಮಾಡ್ ಕಟ್ಟಿನ) ಫೈಲೇ ಸಿಗುತ್ತದೆ. ಅನ್‌ರಿಯಲ್ ಎಂಜಿನ್ನಿನ ಗೇಮ್‌ಗಳಿಗೆ ಎಫ್‌ಮಾಡೆಲ್ ಅನ್ನುವ ಟೂಲ್ ಇದೆ, ಆದರೆ ಪ್ಯಾಕ್ ಫೈಲ್ ಎಇಎಸ್ ಕೀಲಿಯಿಂದ ಎನ್‌ಕ್ರಿಪ್ಟ್ ಆಗಿದ್ದರೆ ಕೀಲಿ ಇಲ್ಲದೆ ಏನೂ ಕಾಣುವುದಿಲ್ಲ.

ಕನ್ಸೋಲ್‌ಗಳ ಲೋಕ ಬೇರೆ. ಅಲ್ಲಿ ಎಡಿಪಿಸಿಎಂ ಕುಟುಂಬದ ಕೋಡೆಕ್‌ಗಳೇ (ಸದ್ದನ್ನು ಚಿಕ್ಕದಾಗಿಸಿ ಬರೆಯುವ ವಿಧಾನಗಳು) ಜಾಸ್ತಿ. ಪ್ರತಿ ಸ್ಯಾಂಪಲ್ಲಿನ ಪೂರ್ತಿ ಬೆಲೆ ಬರೆಯುವ ಬದಲು, ಹಿಂದಿನವುಗಳಿಂದ ಊಹಿಸಿದ ಬೆಲೆಗೂ ನಿಜವಾದದ್ದಕ್ಕೂ ಇರುವ ವ್ಯತ್ಯಾಸವನ್ನು 4 ಬಿಟ್‌ನಲ್ಲಿ ಬರೆಯುವ ಉಪಾಯ. ಪ್ಲೇಸ್ಟೇಷನ್‌ನಲ್ಲಿ 16 ಬೈಟ್‌ನ ಒಂದು ತುಂಡಿಗೆ 28 ಸ್ಯಾಂಪಲ್, ಗೇಮ್‌ಕ್ಯೂಬ್ ಮತ್ತು ವೀಯಲ್ಲಿ 8 ಬೈಟ್‌ಗೆ 14. ಎರಡರಲ್ಲೂ ಫೈಲ್ ಮೂರೂವರೆ ಪಟ್ಟು ಚಿಕ್ಕದಾಗುತ್ತದೆ. ಕಂಪ್ಯೂಟರ್‌ನ ಸಾಮಾನ್ಯ ಪ್ಲೇಯರ್‌ಗಳಿಗೆ ಇವು ಅರ್ಥ ಆಗುವುದಿಲ್ಲ, ಆದ್ದರಿಂದ ಇಲ್ಲಿ ಡಿಕೋಡ್ ಮಾಡಲೇಬೇಕು. ಡಿಕೋಡ್ ಮಾಡಿ ವೇವ್ ಆಗಿ ಇಡಿ, ಜಾಗ ಉಳಿಸಬೇಕಾದರೆ ಫ್ಲ್ಯಾಕ್ ಮಾಡಿ. ಫ್ಲ್ಯಾಕ್‌ನಲ್ಲಿ ಒಂದು ಸ್ಯಾಂಪಲ್ ಕೂಡ ಬದಲಾಗುವುದಿಲ್ಲ. ಮೂಲ ಫೈಲನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ.

ಈ ಕೆಲಸಕ್ಕೆ ವಿಜಿಎಂಸ್ಟ್ರೀಮ್ ಅನ್ನುವ ಟೂಲ್‌ಗೆ ಸಾಟಿ ಇಲ್ಲ. ನೂರಾರು ಗೇಮ್ ಫಾರ್ಮ್ಯಾಟ್ ಓದುತ್ತದೆ, ಎಫ್‌ಎಸ್‌ಬಿ, ವೆಮ್ ಎಲ್ಲವನ್ನೂ. ಫೂಬಾರ್2000 ಅನ್ನುವ ಪ್ಲೇಯರ್‌ಗೆ ಪ್ಲಗಿನ್ ಆಗಿಯೂ ಸಿಗುತ್ತದೆ, ಹಾಗಾಗಿ ಕೇಳುವುದಷ್ಟೇ ಬೇಕಿದ್ದರೆ ಫೈಲ್ ಬದಲಿಸುವ ಅಗತ್ಯವೇ ಇಲ್ಲ.

ಸೂಪರ್ ನಿಂಟೆಂಡೋ ಕಾಲಕ್ಕೆ ಹೋದರೆ "ಆಡಿಯೋ ಫೈಲ್" ಅನ್ನುವುದೇ ಇಲ್ಲ. ಸದ್ದಿಗಾಗಿ ಅಲ್ಲಿ ಬೇರೆ ಪ್ರೊಸೆಸರ್ ಇದೆ, ಅದಕ್ಕೆ 64 ಕಿಲೋಬೈಟ್ ಮೆಮೊರಿ, 8 ಚಾನಲ್. ವಾದ್ಯಗಳ ಚಿಕ್ಕ ತುಣುಕುಗಳು, ಸ್ವರಗಳ ಪಟ್ಟಿ, ನುಡಿಸುವ ಪ್ರೋಗ್ರಾಮ್, ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು. ಎಸ್‌ಪಿಸಿ ಫೈಲ್ ಅಂದರೆ ಆ ಮೆಮೊರಿಯ ಒಂದು ಕ್ಷಣದ ಪಡಿಯಚ್ಚು. ಅದನ್ನು ವೇವ್ ಮಾಡುವುದು ಅಂದರೆ ಆ ಪುಟ್ಟ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಓಡಿಸಿ, ಅದು ನುಡಿಸಿದ್ದನ್ನು ರೆಕಾರ್ಡ್ ಮಾಡಿಕೊಳ್ಳುವುದು. ಡೂಮ್‌ನ ಸಂಗೀತವೂ ಹಾಗೇ, ಮಿಡಿ ಥರದ ಸ್ವರಪಟ್ಟಿ ಅದು. ಯಾವ ಸೌಂಡ್ ಕಾರ್ಡ್‌ನಲ್ಲಿ ನುಡಿಸುತ್ತೀರೋ ಹಾಗೆ ಕೇಳಿಸುತ್ತದೆ. ಇಂಥವನ್ನು ಎಂಪಿ3 ಮಾಡಿ ಮೂಲ ಅಳಿಸಿಬಿಟ್ಟರೆ ಒಂದು ಕಛೇರಿಯ ರೆಕಾರ್ಡಿಂಗ್ ಇಟ್ಟುಕೊಂಡು ಕೃತಿಯನ್ನೇ ಎಸೆದ ಹಾಗೆ.

ಲೂಪ್ ವಿಷಯ ಹೇಳಲೇಬೇಕು. ಗೇಮ್ ಸಂಗೀತ ಮುಗಿಯುವುದಿಲ್ಲ. ಪೀಠಿಕೆ ಒಂದು ಸಲ ಬಂದು, ಆಮೇಲೆ ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಸುತ್ತುತ್ತಾ ಇರುತ್ತದೆ. ಆ ಗುರುತುಗಳು ಸ್ಯಾಂಪಲ್ ಲೆಕ್ಕದಲ್ಲಿ ಫೈಲಿನೊಳಗೇ ಬರೆದಿರುತ್ತವೆ. ವಿಜಿಎಂಸ್ಟ್ರೀಮ್ ತಾನಾಗಿ ಬಿಟ್ಟರೆ ಎರಡು ಸುತ್ತು ನುಡಿಸಿ 10 ಸೆಕೆಂಡ್‌ನಲ್ಲಿ ಸದ್ದು ತಗ್ಗಿಸಿ ನಿಲ್ಲಿಸುತ್ತದೆ. ಕೇಳುವುದಕ್ಕೆ ಇದು ಚೆನ್ನ. ಕೂಡಿಡುವುದಕ್ಕೆ ಮಾತ್ರ ಲೂಪ್ ಬಿಟ್ಟು ಒಂದೇ ಸಲ ತೆಗೆಯುವ ಆಯ್ಕೆ ಕೊಡಿ, ಶುರು ಮತ್ತು ಕೊನೆಯ ಸ್ಯಾಂಪಲ್ ನಂಬರ್‌ಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಎಂಪಿ3 ಇಲ್ಲಿ ಇನ್ನೂ ಕೆಟ್ಟದ್ದು. ಅದು 1152 ಸ್ಯಾಂಪಲ್‌ನ ಚೌಕಟ್ಟುಗಳಲ್ಲಿ ಕೆಲಸ ಮಾಡುವುದರಿಂದ ಶುರುವಿನಲ್ಲೂ ಕೊನೆಯಲ್ಲೂ ಸ್ವಲ್ಪ ಖಾಲಿ ಜಾಗ ಸೇರಿಕೊಳ್ಳುತ್ತದೆ, ಸುತ್ತು ತಿರುಗುವ ಕಡೆ ಚಿಕ್ಕದಾಗಿ ತಡವರಿಸುತ್ತದೆ. ಒಮ್ಮೆ ಕೇಳಿಸಿತು ಅಂದರೆ ಆಮೇಲೆ ಪ್ರತಿ ಸಲವೂ ಕೇಳಿಸುತ್ತದೆ.

ನಿಮ್ಮ ಹತ್ತಿರ ಇರುವ ಗೇಮ್‌ನಿಂದಲೇ ತೆಗೆಯಿರಿ. ಬಿಚ್ಚಿದ ಮಾತ್ರಕ್ಕೆ ಆ ಸದ್ದಿನ ಕಾಪಿರೈಟ್ ನಿಮ್ಮದಾಗುವುದಿಲ್ಲ. ನಿಮ್ಮ ವಿಡಿಯೋದಲ್ಲಿ, ಇನ್ನೊಂದು ಗೇಮ್‌ನಲ್ಲಿ ಬಳಸಬೇಕು ಅಂದರೆ ಮಾಡಿದವರನ್ನು ಕೇಳಿ. ಚಿಕ್ಕ ತಂಡವಾದರೆ ಕೇಳುವ ಮೊದಲು ಅವರು ಆಲ್ಬಮ್ ಮಾರುತ್ತಿದ್ದಾರಾ ನೋಡಿ, ಇದ್ದರೆ ಕೊಂಡುಕೊಳ್ಳಿ.

ಇನ್ನು ಚಾನಲ್‌ಗಳು. ಬಿಚ್ಚಿದ ಫೈಲ್ 4 ಅಥವಾ 6 ಚಾನಲ್ ಅಂತ ತೋರಿಸಿದರೆ ಅದು ಸರೌಂಡ್ ಸೌಂಡೇ ಆಗಿರಬೇಕಿಲ್ಲ. ಎಷ್ಟೋ ಸಲ ಎರಡೆರಡು ಚಾನಲ್ ಸೇರಿ ಒಂದು ಪದರ: ಶಾಂತವಾಗಿ ನಡೆಯುವಾಗ ಮೊದಲ ಜೋಡಿ, ಶತ್ರು ಕಂಡಾಗ ಅದರ ಮೇಲೆ ಡೋಲಿನ ಜೋಡಿ, ಹೀಗೆ. ಇದನ್ನು ಎಫ್‌ಎಫ್‌ಎಂಪೆಗ್ ಅನ್ನುವ ಕನ್ವರ್ಟರ್‌ಗೆ ಕೊಟ್ಟು ಸ್ಟೀರಿಯೋ ಮಾಡು ಅಂದರೆ ಅದು 6 ಚಾನಲ್ಲನ್ನು 5.1 ಸರೌಂಡ್ ಅಂತ ತಿಳಿದು ಬೆರೆಸುತ್ತದೆ. ನಾಲ್ಕನೆಯ ಚಾನಲ್ ಸಬ್‌ವೂಫರ್‌ನದ್ದು ಅಂದುಕೊಂಡು ಅದನ್ನು ಪೂರ್ತಿ ಬಿಟ್ಟೇಬಿಡುತ್ತದೆ. ಅಂದರೆ ಎರಡನೆಯ ಪದರದ ಬಲಗಡೆಯ ಸದ್ದು ಮಾಯ, ಎಡಗಡೆಯದು ಮಧ್ಯಕ್ಕೆ ಬಂದು ಕೂತಿರುತ್ತದೆ. ಬೆರೆಸುವ ಮೊದಲು ಅಡಾಸಿಟಿಯಲ್ಲಿ ತೆರೆಯಿರಿ. ಪ್ರತಿ ಚಾನಲ್ಲೂ ಬೇರೆ ಟ್ರ್ಯಾಕ್ ಆಗಿ ಬರುತ್ತದೆ. ಒಂದೊಂದನ್ನೇ ಸೋಲೋ ಹಾಕಿ ಕೇಳಿ, ಜೋಡಿ ಯಾವುದು ಅಂತ ಗೊತ್ತಾದ ಮೇಲೆ ಎರಡೆರಡನ್ನು ಸ್ಟೀರಿಯೋ ಮಾಡಿ ಬೇರೆ ಬೇರೆ ಫ್ಲ್ಯಾಕ್ ಆಗಿ ಉಳಿಸಿ. ಎಲ್ಲ ಪದರಗಳೂ ಒಂದೇ ಉದ್ದ ಇರುವುದರಿಂದ ಬೇಕಾದಾಗ ಮತ್ತೆ ಒಂದರ ಮೇಲೊಂದು ಇಟ್ಟು ನುಡಿಸಬಹುದು.